ಡಿರ್ ಮತ್ತು ದೇರ್

ನಮ್ಮ ಅಂಕೋಲೆಯ ಶಾಲೆಯ ಕಂಪ್ಯೂಟರಿನಲ್ಲಿ ಇಂದು ವಿಂಡೋಸ್ ತೆರೆಯಲೇ ಇಲ್ಲ ಮಾರಾಯ್ರೆ, ಬರೀ ಕಪ್ಪು ಪರದೆ, ಅದರ ಮೇಲೆ ಡಾಸ್‌ನ ಮಿಣುಕುವ ಗೆರೆ. ಹತ್ತನೇ ತರಗತಿಯ ಅಂಕಪಟ್ಟಿ ಮಧ್ಯಾಹ್ನದೊಳಗೆ ಕಾರವಾರಕ್ಕೆ ಹೋಗಬೇಕಿತ್ತು. ಅದನ್ನು ಟೈಪ್ ಮಾಡಿದ್ದ ಕ್ಲಾರ್ಕ್ ಸುಶೀಲಾ ಬೈತಖೋಲದವರು, ಮನೆಮಾತು ಕೊಂಕಣಿ. ಟೀಚರಾದ ನನ್ನ ಪಕ್ಕ ಬೆವರುತ್ತ ನಿಂತಿದ್ದರು.

“ಹೆದರ್ಬೇಡಿ, ಡಿರ್ ಅಂತ ಕಮಾಂಡ್ ಹೊಡದ್ರೆ ಒಳಗಿದ್ದದ್ದೆಲ್ಲ ಹೇಳ್ತದೆ” ಎಂದು ಕೀಲಿ ಒತ್ತಿದೆ. ಫೈಲುಗಳ ಉದ್ದ ಪಟ್ಟಿ ಬಂತು. ಅಂಕಪಟ್ಟಿ ಮಾತ್ರ ಇಲ್ಲ.

“ಯಾರೂ ಅಳಿಸ್ಬಾರ್ದು ಅಂತ ನಾನೇ ಹಿಡನ್ ಮಾಡಿಟ್ಟಿದ್ದೆ ಅಕ್ಕೋರೆ” ಎಂದವರು ತಟ್ಟನೆ ನಕ್ಕರು. “ನಮ್ಮಲ್ಲಿ ದೇರ್ ಅಂದ್ರೆ ಗಂಡನ ತಮ್ಮ. ಅವ್ನೂ ಹಿಂಗೇ. ಮನೇಲಿದ್ದದ್ದೆಲ್ಲ ಊರಿಗೆ ಹೇಳ್ತಾನೆ, ಅತ್ತಿಗೆ ಅಡಗ್ಸಿಟ್ಟದ್ದೊಂದು ಹೇಳೂದಿಲ್ಲ.”

ಡಿರ್ ಮುಂದೆ ಒಂದು ಓರೆಗೆರೆ, ಒಂದು ‘ಎ’ ಸೇರಿಸಿ ಮತ್ತೆ ಹೊಡೆದೆ. ಅಡಗಿದ್ದದ್ದೂ ಹೊರಗೆ ಬಂತು. ಮೊದಲು ಅಂಕಪಟ್ಟಿ, ಅದರ ಕೆಳಗೇ ನಾನು ಯಾರಿಗೂ ಕಾಣದಂತೆ ಇಟ್ಟಿದ್ದ ನನ್ನ ಕವನಗಳ ಫೋಲ್ಡರು.

ಅಂಕಪಟ್ಟಿ ಫ್ಲಾಪಿಯಲ್ಲಿ ಕೂತು ಹನ್ನೆರಡರ ಬಸ್ಸಿಗೆ ಹೋಯಿತು. ಸುಶೀಲಾ ಮಾತ್ರ ಪರದೆಯ ಮುಂದಿನಿಂದ ಏಳಲಿಲ್ಲ. ಫೋಲ್ಡರಿನ ಹೆಸರನ್ನು ಎರಡು ಸಲ ಓದಿ ಹೇಳಿದರು: “ನಿಮ್ಮ ಡಿರ್‌ಕಿಂತ ನಮ್ಮ ದೇರೇ ಅಡ್ಡಿಲ್ಲ ಅಕ್ಕೋರೆ.”