ದಾಜಿಯ ಕಾರಿನ ಇಂಜಿನ್ ಹುಡುಕಿದ್ದು

ಗೆಳೆಯರೇ, ಅಕ್ಕಲಕೋಟೆಯ ನಮ್ಮ ಅಂಗಳದಲ್ಲಿ ಇವತ್ತು ಎರಡು ಕಾರಿಗೆ ಪೂಜೆ. ತಮ್ಮ ಮಲ್ಲು ಹಳೆಯ ಕಾರಿಗೆ ಗ್ಯಾರೇಜಿನಲ್ಲಿ ಇಂಜಿನ್ನಿನ ಜೋರು ಹೆಚ್ಚಿಸುವ ಟರ್ಬೊ ಕೂಡಿಸಿದ್ದಾನೆ. ಅಕ್ಕನ ಗಂಡ ದಾಜಿ ಸೊಲ್ಲಾಪುರದಿಂದ ಹೊಸ ಸ್ಪೋರ್ಟ್ಸ್ ಕಾರು ತಂದಿದ್ದಾರೆ. ಯಾವುದು ಜೋರು ಎಂದು ಜಗಳ.

"ನಂದು ನಾನ ಮುಂದ ನಿಂತು ಮಾಡಿಸೀನಿ," ಎಂದ ಮಲ್ಲು.

"ನಂದು ಕಂಪನಿಯಿಂದನ ಹಂಗ ಬಂದೈತಿ, ಕೈ ಹಚ್ಚೂದ ಬ್ಯಾಡ," ಎಂದರು ದಾಜಿ.

ನಮ್ಮ ಮನೆಯಲ್ಲಿ ಕುಂಕುಮ ಇಂಜಿನ್ನಿಗೇ ಹಚ್ಚಬೇಕು. ಮಲ್ಲುವಿನದು ಮುಗಿಸಿ ಅವ್ವ ದಾಜಿಯ ಬಾನೆಟ್ ತೆಗೆಸಿದಳು. ಒಳಗೆ ಒಂದು ಟವೆಲ್ ಗಂಟು ಮಾತ್ರ ಇತ್ತು.

"ಇಂಜಿನ್ ಎಲ್ಲೈತ್ರಿ?" ಎಂದಳು ಅವ್ವ.

ದಾಜಿ ಬಗ್ಗಿ ಕಾರಿನ ಕೆಳಗೆ ನೋಡಿದರು. ಮಲ್ಲು ಕಾರಿನ ಹಿಂದಿನ ಮುಚ್ಚಳ ತೆಗೆದು ತೋರಿಸಿದ: "ಇಲ್ಲೈತಿ ದಾಜಿ. ಇಂಥಾ ಕಾರಿಗೆ ಇಂಜಿನ್ ಹಿಂದ ಇರತೈತಿ."

"ಖರೇನ?" ಎಂದು ದಾಜಿಯೇ ಎಲ್ಲರಿಗಿಂತ ಮೊದಲು ಇಣುಕಿದರು.

ಯಾವುದು ಜೋರೋ ಇನ್ನೂ ತಿಳಿಯದು. ಕೈ ಹಚ್ಚದ ಇಂಜಿನ್ ಎಂದರೆ ಕಣ್ಣಿಂದಲೂ ನೋಡದ ಇಂಜಿನ್ ಎಂದು ಮಾತ್ರ ತಿಳಿಯಿತು.