ಕಣ್ಣ ಮುಂದಿನ ರೊಟ್ಟಿ

ರಾಣೆಬೆನ್ನೂರಿನ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಅದು ಅಲ್ಲಾಬಕ್ಷನ ಗಾದಿ ಅಂಗಡಿ. ಅಲ್ಲಾಬಕ್ಷ ಬ್ಯಾಡಗಿ, ಗುತ್ತಲದ ಕಡೆ ತಿರುಗಿ ಗಿರಾಕಿ ಹಿಡಿಯುತ್ತಾನೆ, ಅರಳೆ ತರುತ್ತಾನೆ, ರೇಟು ಮಾತಾಡುತ್ತಾನೆ. ಅರಳೆ ತುಂಬಿ, ಕೋಲಿನಿಂದ ಬಡಿದು ಸಮ ಮಾಡಿ, ಗೇಣುದ್ದದ ದಬ್ಬಣದಲ್ಲಿ ಹೊಲಿಗೆ ಹಾಕುವವಳು ಅವನ ಹೆಂಡತಿ ಅಕ್ಬರಬಿ. ಏನು ಕೆಲಸ ಮಾಡುತ್ತೀ ಎಂದು ಯಾರಾದರೂ ಕೇಳಿದರೆ, “ನಾ ಏನ್ ಮಾಡ್ತೇನ್ರಿ, ಮನ್ಯಾಗ ಇರ್ತೇನಿ” ಅನ್ನುತ್ತಾಳೆ. ಹಾಗೆ ಅನ್ನುವಾಗಲೂ ಕೈಯಲ್ಲಿ ದಬ್ಬಣ ಇರುತ್ತದೆ.

ಹೊಸರಿತ್ತಿಯಲ್ಲಿದ್ದ ಅವಳ ಅಪ್ಪ ಫಕ್ಕೀರಸಾಬ ಅವಳಿಗೆ ಕಸುಬಿನ ಜೊತೆಗೆ ಒಂದು ಪದ್ಧತಿಯನ್ನೂ ಕಲಿಸಿದ್ದ. ಗಾದಿಯನ್ನು ಹೊಲಿದ ಮೇಲೆ ಒಳಗೆ ಏನಿದೆಯೋ ಯಾರಿಗೂ ಕಾಣುವುದಿಲ್ಲ. ಹಳೇ ಚಿಂದಿ ತುಂಬಿದ್ದರೂ ಮೇಲೆ ಹೂವಿನ ಬಟ್ಟೆಯೇ. ಅದಕ್ಕೆ ಗಿರಾಕಿಯ ಅಂಗಳಕ್ಕೆ ಹೋಗಿ ಅವರ ಕಣ್ಣ ಮುಂದೆಯೇ ತುಂಬಬೇಕು. ಈ ಪದ್ಧತಿ ಒಂದು ದಿನ ತನ್ನ ಮಗನನ್ನು ಉಳಿಸಿಕೊಳ್ಳಲು ಬೇಕಾಗುತ್ತದೆ ಎಂದು ಅವಳು ಎಣಿಸಿರಲಿಲ್ಲ.

ಒಬ್ಬನೇ ಮಗ ಮುನಾಫ ಮೋಟಾರು ವೈಂಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಇಪ್ಪತ್ತೈದು ದಾಟುವ ಹೊತ್ತಿಗೆ ಅವನಿಗೆ ಯಾರೂ ಇಲ್ಲದ ಕಡೆಯಿಂದ ಮಾತು ಕೇಳಿಸತೊಡಗಿತು. ಚಹಾದಂಗಡಿಯವನು ವಿಷ ಹಾಕುತ್ತಾನೆ ಅಂದ. ಓಣಿಯವರು ನಳದ ನೀರಿಗೆ ಏನೋ ಬೆರೆಸುತ್ತಾರೆ ಅಂದ. ಕೆಲಸ ಬಿಟ್ಟ. ತಾಯತ ಕಟ್ಟಿಸಿದ್ದಾಯಿತು. ಕಡೆಗೆ ಹಾವೇರಿಯ ದವಾಖಾನೆಯ ವೈದ್ಯೆ, ಮಂದಿ ‘ಡಾಕ್ಟರ್ ಬಾಯಿ’ ಅನ್ನುವವರು, ಇದು ಸ್ಕಿಜೋಫ್ರೇನಿಯಾ, ಗುಳಿಗೆ ತಪ್ಪಿಸಬಾರದು ಎಂದರು. ಮುನಾಫ ಕೆಲವು ದಿನ ನುಂಗಿದ, ಆಮೇಲೆ ಉಗುಳತೊಡಗಿದ.

“ಸಾರಿನ್ಯಾಗ ಅರದು ಹಾಕು. ಅವಗೇನ್ ಗೊತ್ತಾಕ್ಕೈತಿ?” ಎಂದ ಅಲ್ಲಾಬಕ್ಷ.

ಸಲಹೆ ಅವನದು, ಕೈ ಅವಳದು. ಅವಳು ಅರೆದು ಹಾಕಿದಳು. ಮಗ ಸ್ವಲ್ಪ ಶಾಂತನಾದ, ರಾತ್ರಿ ನಿದ್ದೆ ಮಾಡಿದ. ಒಂದು ಮಧ್ಯಾಹ್ನ ನೀರು ಕುಡಿಯಲು ಅಡುಗೆಮನೆಗೆ ಬಂದವನು, ಅವ್ವ ಸ್ಟೀಲಿನ ಲೋಟದ ತಳದಿಂದ ಬಿಳಿ ಗುಳಿಗೆಯನ್ನು ಪುಡಿ ಮಾಡುತ್ತಿರುವುದನ್ನು ಕಂಡ.

“ಮಂದಿ ಹಾಕ್ತಾರ ಅಂದಿದ್ದೆ. ಹಾಕೂದು ನೀನಾ ಅವ್ವ?”

ಹೊರಗೆ ಕಟ್ಟೆಯ ಮೇಲಿದ್ದ ಅಲ್ಲಾಬಕ್ಷ ಹೆಂಡತಿಯ ಮೇಲೆಯೇ ರೇಗಿದ. “ಕಣ್ತಪ್ಪಿಸಿ ಹಾಕಾಕೂ ಬರೂದಿಲ್ಲೇನ ನಿನಗ?”

ಕಾಯಿಲೆಯು ಮಗನ ಕಿವಿಯಲ್ಲಿ ಹೇಳಿದ್ದ ಅಷ್ಟೂ ಸುಳ್ಳುಗಳಲ್ಲಿ ಇದೊಂದು ಖರೇ ಆಗಿತ್ತು. ಅದನ್ನು ಖರೇ ಮಾಡಿದವಳು ತಾನೇ ಎಂಬುದು ಅಕ್ಬರಬಿಗೆ ದಬ್ಬಣದಂತೆ ಚುಚ್ಚಿತು.

ಅವತ್ತಿನಿಂದ ಮುನಾಫ ಮನೆಯ ಊಟ ಮುಟ್ಟಲಿಲ್ಲ. ತಾನೇ ಸುಲಿದ ಬಾಳೆಹಣ್ಣು, ತಾನೇ ಒಡೆದ ಬಿಸ್ಕೀಟಿನ ಪೊಟ್ಟಣ, ಅಷ್ಟೇ. ಅದನ್ನೂ ಬೆಳಕಿಗೆ ಹಿಡಿದು ಎರಡೂ ಮಗ್ಗುಲು ತಿರುಗಿಸಿ ನೋಡಿಯೇ ಬಾಯಿಗೆ ಇಡುತ್ತಿದ್ದ. ಕೆನ್ನೆಗಳು ಗುಳಿಬಿದ್ದವು. ಪ್ಯಾಂಟು ಜಾರದಂತೆ ಗಾದಿಯ ದಾರ ಕಟ್ಟಿಕೊಂಡ. ಗೋಡೆಯ ಜೊತೆ ಮಾತು ಮತ್ತೆ ಶುರುವಾಯಿತು.

“ನಾಳೆ ನನ್ನ ಅಣ್ಣನ ಮಕ್ಕಳನ್ನ ಕರಸ್ತೇನಿ. ಹಿಡದು ಗುಳಿಗಿ ಅರದು ಕುಡಸೂನು,” ಎಂದ ಅಲ್ಲಾಬಕ್ಷ.

“ಒಮ್ಮೆ ಹಿಡದು ಕುಡಿಸಿದ್ರ ದಿನಾ ಹಿಡೀಬೇಕಾಕ್ಕೈತಿ. ದಿನಾ ಹಿಡಿಯಾಕ ನೀ ಮನ್ಯಾಗ ಇರ್ತೀಯೇನು?”

ಅಲ್ಲಾಬಕ್ಷ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ. ಅಕ್ಬರಬಿ ಮಗನ ಎದುರು ಕುಳಿತಳು. “ಹಾಕಿದ್ದು ಖರೇ ಐತಿ. ಗುಳಿಗಿ ಅದು, ವಿಷ ಅಲ್ಲ. ಹೇಳದ ಹಾಕಿದ್ದು ನನ್ನ ತಪ್ಪು. ಇನ್ನ ಹಾಕೂದಿಲ್ಲ.”

“ಹೆಂಗ ನಂಬ್ಲಿ?” ಎಂದ ಮುನಾಫ.

ಆ ಪ್ರಶ್ನೆಗೆ ಉತ್ತರ ಅವಳಿಗೆ ಸಿಕ್ಕಿದ್ದು ಬ್ಯಾಡಗಿಯ ಒಂದು ಅಂಗಳದಲ್ಲಿ. ಅವಳು ಗಾದಿ ತುಂಬುತ್ತಿದ್ದಳು. ಮನೆಯೊಡತಿ ಮುದುಕಿ ಕುರ್ಚಿ ಹಾಕಿಕೊಂಡು, ಎವೆಯಿಕ್ಕದೆ ಅರಳೆಯನ್ನೇ ನೋಡುತ್ತಿದ್ದಳು. ಕೊನೆಯ ಹೊಲಿಗೆ ಬೀಳುವ ತನಕ ಏಳಲಿಲ್ಲ. ಆಮೇಲೆ ಅದೇ ಗಾದಿಯ ಮೇಲೆ ಕಾಲು ಚಾಚಿ ಮಲಗಿಯೇಬಿಟ್ಟಳು. ‘ಈಕಿ ನನ್ನ ಮಾತು ನಂಬಲಿಲ್ಲ, ನನ್ನ ಕೈ ನೋಡಿದಳು’ ಎಂದುಕೊಂಡಳು ಅಕ್ಬರಬಿ.

ಮರುದಿನ ಬೆಳಿಗ್ಗೆ ಅವಳು ಒಲೆಯನ್ನು ಅಂಗಳಕ್ಕೆ ತಂದಳು. ಜೋಳದ ಹಿಟ್ಟು, ಉಪ್ಪು, ನೀರು, ಎಲ್ಲವೂ ಮುನಾಫನ ಕಣ್ಣ ಮುಂದೆ. ಅವನು ನೋಡಿದ, ತಿನ್ನಲಿಲ್ಲ.

“ಹಿಟ್ಟಿನ್ಯಾಗ ಮದ್ಲ ಕಲಸಿದ್ರ?”

ಅವಳು ಅವನನ್ನು ಕರೆದುಕೊಂಡು ಗಿರಣಿಗೆ ಹೋಗಿ, ಅವನೆದುರಿಗೇ ಜೋಳ ಬೀಸಿಸಿದಳು.

“ಜ್ವಾಳದಾಗ ಇದ್ರ?”

“ಹಂಗಾರ ಹೊಲಾ ಹಿಡದು ಬಿತ್ತೂನು ಬಾರಪಾ. ಸುಗ್ಗಿ ತನಕಾ ಬಾಳಿಹಣ್ಣು ತಿಂತಿ?”

ಮುನಾಫ ನಕ್ಕ. ಬಹಳ ದಿನದ ಮೇಲಿನ ಆ ನಗು ಅವಳಿಗೆ ಧೈರ್ಯ ಕೊಟ್ಟಿತು. ಹಿಟ್ಟು ನಾದುವ ಪರಾತವನ್ನು ಅವನ ಕಡೆ ಸರಿಸಿದಳು. “ನನ್ನ ಕೈ ಬ್ಯಾಡಾ? ನಿನ್ನ ಕೈಲೇ ನಾದು.”

ಮೊದಲ ರೊಟ್ಟಿ ಹರಿದು ಎರಡಾಯಿತು. ಎರಡನೆಯದು ಹಂಚಿಗೆ ಅಂಟಿತು. ಮೂರನೆಯದನ್ನು ತಿರುಗಿಸಿ ತಿರುಗಿಸಿ ನೋಡಿ, ನಿಂತುಕೊಂಡೇ ತಿಂದ. ಅಕ್ಬರಬಿ ಸೆರಗಿನಿಂದ ಮುಖ ಒರೆಸಿಕೊಂಡಳು, ಹೊಗೆ ಎಂದಳು.

ಮಾತು ಬೇಲಿ ದಾಟಲು ತಡವಾಗಲಿಲ್ಲ. “ಗಂಡಮಗನ ಕೈಲೆ ರೊಟ್ಟಿ ಬಡಸಾಕತ್ತೀಯಲ್ಲ, ನಾಳೆ ಸೊಸಿ ಬಂದು ಏನ್ ಮಾಡ್ಬೇಕು?” ಎಂದಳು ಪಕ್ಕದ ಮನೆಯ ಮಂಗಳವ್ವ.

“ಕುಂತು ಉಣ್ಣಲಿ. ಒಬ್ಬಾಕಿನರ ಕುಂತು ಉಣ್ಣೂದನ್ನ ನೋಡ್ತೇನಿ.”

ಮಂಗಳವ್ವ ನಕ್ಕು, ಸಂಜೆ ಒಂದು ಹಿಡಿ ಪುಂಡಿಪಲ್ಲೆ ಸೊಪ್ಪು ತಂದು ಕೊಟ್ಟಳು. “ಸೋಸಿಲ್ಲಪಾ ಮುನಾಫ, ನೀನ ಸೋಸು,” ಎಂದಳು.

ಅಲ್ಲಾಬಕ್ಷನಿಗೆ ಮಾತ್ರ ಸಹಿಸಲಾಗಲಿಲ್ಲ. “ಗಂಡಸು ಒಲಿ ಮುಂದ ಕುಂತ್ರ ಮನ್ಯಾಗ ಹೆಂಗಸು ಇರೂದು ಯಾತಕ್ಕ?”

“ಗಾದಿ ಹೊಲಿಯಾಕ,” ಎಂದಳು ಅಕ್ಬರಬಿ, ದಾರ ಪೋಣಿಸುತ್ತಾ.

ಗುಳಿಗೆಯ ಪಟ್ಟಿಯನ್ನು ಅವಳು ಬಚ್ಚಿಡಲಿಲ್ಲ. ಉಪ್ಪಿನ ಡಬ್ಬಿಯ ಪಕ್ಕ ಬಯಲಿಗೇ ಇಟ್ಟಳು. “ಇದು ಉಪ್ಪು, ಇದು ಖಾರ, ಇದು ಗುಳಿಗಿ. ಒಂದರಾಗ ಒಂದು ಕೂಡೂದಿಲ್ಲ.” ಅವನು ಅದನ್ನು ಆಚೆ ಸರಿಸುತ್ತಿದ್ದ. ಅವಳು ಮರುದಿನ ಮತ್ತೆ ಅಲ್ಲೇ ಇಡುತ್ತಿದ್ದಳು. ಸಂಜೆಯಾದರೆ ಅವನಿಗೆ ಒಳಗಿನ ಮಾತು ಜೋರಾಗುತ್ತಿತ್ತು. ಕಿವಿ ಮುಚ್ಚಿಕೊಂಡು ಅಂಗಳದ ತುಂಬ ಸುತ್ತುತ್ತಿದ್ದ. ಅವನೇ ಮಾಡಿಟ್ಟ ಬಿಸಿ ಸಾರಿನ ಪಾತ್ರೆ ಅವಳ ಕೈಯಳತೆಯಲ್ಲೇ ಇರುತ್ತಿತ್ತು. ಒಂದು ಚಿಟಿಕೆ ಪುಡಿ ಸಾಕಿತ್ತು. ಅವಳು ಹಾಕಲಿಲ್ಲ. ಹೊಲಿಯುವುದು, ಒಗೆಯುವುದು, ಪಾತ್ರೆ ತಿಕ್ಕುವುದು ಎಲ್ಲರಿಗೂ ಕಾಣುತ್ತದೆ. ಹೀಗೆ ಹಾಕದೆ ಉಳಿಯುವ ಕೆಲಸ ಕಾಣುವುದಿಲ್ಲ, ಮೈಯನ್ನು ಮಾತ್ರ ಹಿಂಡಿಬಿಡುತ್ತದೆ.

ಒಂದು ದಿನ ಮುನಾಫ ಪಟ್ಟಿಯನ್ನು ಕೈಗೆತ್ತಿಕೊಂಡ. “ಇದನ್ನ ತಿಂದ್ರ ಕೈ ನಡಗತಾವ ಅವ್ವ. ನಡಗೂ ಕೈಲೆ ಬಡದ್ರ ರೊಟ್ಟಿ ಹರೀತೈತಿ.”

ಅಷ್ಟು ದಿನ ಉಗುಳಿದ್ದಕ್ಕೆ ಅದೂ ಒಂದು ಕಾರಣವಾಗಿತ್ತು. ಯಾರೂ ಕೇಳಿರಲಿಲ್ಲ. ಅಕ್ಬರಬಿ ಅವನನ್ನು ಹಾವೇರಿಯ ಬಸ್ಸು ಹತ್ತಿಸಿದಳು. ಡಾಕ್ಟರ್ ಬಾಯಿ ರೂಢಿಯಂತೆ ಅವಳ ಕಡೆ ನೋಡಿದಾಗ, “ಅವನ್ನ ಕೇಳ್ರಿ, ಗುಳಿಗಿ ನುಂಗಾಂವ ಅವನ,” ಎಂದಳು. ಅವರು ಕುರ್ಚಿ ಅವನತ್ತ ತಿರುಗಿಸಿ ಕೇಳಿದರು. ಅವನು ನಡುಗುವ ಕೈಯ, ಹರಿಯುವ ರೊಟ್ಟಿಯ ಮಾತು ಹೇಳಿದ. ಅವರು ಗುಳಿಗೆ ಬದಲಿಸಿದರು, ಅದರಲ್ಲಿ ಏನಿದೆ ಎಂಬುದನ್ನು ಅವನಿಗೇ ಬಿಡಿಸಿ ಹೇಳಿದರು. ಪಟ್ಟಿಯನ್ನು ತಾನೇ ಒಡೆದು ಗುಳಿಗೆ ನುಂಗುತ್ತೇನೆ ಎಂಬ ಕರಾರಿನ ಮೇಲೆ ಅವನು ಒಪ್ಪಿದ.

ಕಾಯಿಲೆ ಹೋಯಿತೆಂದಲ್ಲ. ಈಗಲೂ ಕೆಲವು ಸಂಜೆ ಮುನಾಫ ಗೋಡೆಗೆ ಉತ್ತರ ಕೊಡುತ್ತಾನೆ. ಆದರೆ ಬೆಳಿಗ್ಗೆ ಅಂಗಳದಲ್ಲಿ ಅವನ ರೊಟ್ಟಿಯ ಸದ್ದು ಕೇಳಿಸುತ್ತದೆ. ಅವ್ವನ ಕೈಯಿಂದ ಬಂದ ತುತ್ತನ್ನು ಮಾತ್ರ ಅವನು ಹೋದ ಮಳೆಗಾಲದ ತನಕ ಮುಟ್ಟುತ್ತಿರಲಿಲ್ಲ.

ಆ ಮಳೆಗಾಲ ಅಕ್ಬರಬಿಗೆ ಜ್ವರ ಬಂತು. ಮಗ್ಗುಲು ಬದಲಿಸಲೂ ಆಗದೆ ಮಲಗಿದ್ದವಳ ಮುಂದೆ ಮುನಾಫ ತಾಟು ಹಿಡಿದು ನಿಂತ. ತಾಟಿನಲ್ಲಿ ಒಂದು ಕಡೆ ದಪ್ಪ, ಒಂದು ಕಡೆ ಸೀದ ರೊಟ್ಟಿ, ಪಕ್ಕದಲ್ಲಿ ಒಂದು ಬಟ್ಟಲು ಸಾರು. ಇನ್ನೊಂದು ಕೈಯಲ್ಲಿ ಒಡೆಯದ ಜ್ವರದ ಗುಳಿಗೆಯ ಪಟ್ಟಿ.

“ಏನ್ ಹಾಕೀಯೋ ಇದರಾಗ?” ಎಂದು ಅವಳು ನಗಾಡಿದಳು.

ಮುನಾಫ ನಗಲಿಲ್ಲ. “ಹಿಟ್ಟು, ನೀರು, ಉಪ್ಪು. ಗುಳಿಗಿ ಬ್ಯಾರೆ ಐತಿ ನೋಡು, ನೀನ ಒಡಿ,” ಎಂದ.

ಅವಳು ರೊಟ್ಟಿಯನ್ನು ಮುರಿದು ಒಂದು ತುಂಡು ತಾನು ತಿಂದಳು. ಇನ್ನೊಂದನ್ನು ಸಾರಿನಲ್ಲಿ ಅದ್ದಿ ಮಗನ ಕಡೆ ಚಾಚಿದಳು. ಅವನು ಅವ್ವನ ಕೈಯಿಂದ ತುಂಡನ್ನು ತೆಗೆದುಕೊಂಡ. ಬೆಳಕಿಗೆ ಹಿಡಿಯಲಿಲ್ಲ, ತಿರುಗಿಸಿ ನೋಡಲಿಲ್ಲ. ಬಾಯಿಗೆ ಇಟ್ಟುಕೊಂಡ.