ಅಳಿಸಿದ ಎರಡು ಬೆಂಡುಗಳು

ಶಾಂತವ್ವ, ನಿಮ್ಮ ಕೇರಿಗೆ ನಲ್ಲಿ ಬಾರದಂತೆ ಮಾಡಿದ್ದು ಕಂಪ್ಯೂಟರ್ ಅಲ್ಲ — ನಾನು. ಅಂದು ಚಾವಡಿಯಲ್ಲಿ ಎಲ್ಲರೆದುರು ಹೇಳಿದ್ದು ಶುದ್ಧ ಸುಳ್ಳು.

ಎಪ್ಪತ್ತರ ದಶಕದಲ್ಲಿ ಶಿಗ್ಗಾಂವದ ಒಂದು ಸಣ್ಣ ಕೋಣೆಯಲ್ಲಿ, ಟ್ರೇಸಿಂಗ್ ಕಾಗದದ ಮೇಲೆ ಗೆರೆ ಎಳೆಯಲು ಕಲಿತವನು ನಾನು. ತಪ್ಪಿದ ಗೆರೆಯನ್ನು ಬ್ಲೇಡಿನಿಂದ ಕೆರೆದು ತೆಗೆಯಬೇಕು. ಎಷ್ಟೇ ನಾಜೂಕಾಗಿ ಕೆರೆದರೂ ಬೆಳಕಿಗೆ ಹಿಡಿದರೆ ಗಾಯ ಕಾಣುತ್ತದೆ. ಎಂಬತ್ತರ ದಶಕದ ಕೊನೆಗೆ ನಮ್ಮ ಹುಬ್ಬಳ್ಳಿ ಆಫೀಸಿಗೆ ಕಂಪ್ಯೂಟರ್ ಬಂತು. ಕಪ್ಪು ಪರದೆ, ಹಸಿರು ಗೆರೆ. ಸವಣೂರಿನಿಂದ ಹತ್ತಿಮತ್ತೂರಿಗೆ ಹೋಗುವ ದಾರಿಯಲ್ಲಿರುವ ನಮ್ಮೂರಿಗೆ ಕುಡಿಯುವ ನೀರಿನ ಪೈಪು ಎಲ್ಲೆಲ್ಲಿ ಹೋಗಬೇಕೆಂದು ಅದರಲ್ಲಿ ಬರೆಯುವ ಕೆಲಸ ನನ್ನ ಪಾಲಿಗೇ ಬಿತ್ತು. ಪರದೆಯ ಊರಿನಲ್ಲಿ ಮಣ್ಣಿಲ್ಲ, ಗೋಡೆಯಿಲ್ಲ, ಜನರಿಲ್ಲ. ಕಪ್ಪಿನಲ್ಲಿ ತೇಲುವ ದಾರಗಳಷ್ಟೇ. ಮಧ್ಯಾಹ್ನವಿಡೀ ನೋಡುತ್ತ ಕುಳಿತರೆ ನಾನೇ ಆ ಗೆರೆಯೊಳಗೆ ನೀರಾಗಿ ಹರಿಯುತ್ತಿದ್ದೇನೆ ಅನ್ನಿಸುತ್ತಿತ್ತು — ಎಷ್ಟು ಹಗುರ, ಎಷ್ಟು ಸುಖ.

ಬೀಡುಕಬ್ಬಿಣದ ಪೈಪು ಬಾಗುವುದಿಲ್ಲ. ತಿರುಗಬೇಕಾದಲ್ಲೆಲ್ಲ ಬೆಂಡು ಎಂಬ ಬಾಗಿದ ತುಂಡೊಂದನ್ನು ಕೂಡಿಸಬೇಕು. ನೀರಿನ ಟಾಕಿಯಿಂದ ನಿಮ್ಮ ಕೇರಿಗೆ ನೇರ ಗೆರೆ ಎಳೆದರೆ ಅದು ನನ್ನ ಸೋದರಮಾವನ ಕಣದ ನಡುವೆ ಹಾಯುತ್ತಿತ್ತು. ನಾನು ಜಾಗ ನೋಡಲು ಬಂದ ದಿನ ನೀವೂ ಜೊತೆಗೆ ನಡೆದಿರಿ. ಜೋಳದ ಸುಗ್ಗಿ, ಕಣವನ್ನು ಸೆಗಣಿಯಿಂದ ಸಾರಿಸಿ ನಡುವೆ ಮೇಟಿ ಕಂಬ ನಿಲ್ಲಿಸಿದ್ದರು. ಅಂಚಿನಲ್ಲೇ ನಿಂತು ನೀವು ಹೇಳಿದಿರಿ:

“ಕಣಾ ಅಗೀಬ್ಯಾಡ್ರಿ, ಉಣ್ಣೂ ಜ್ವಾಳ ಬೀಳೂ ಜಾಗ. ಸುತ್ತ ಹಾಕಿ ತರ್ರಿ.”

ಆಗ ನಾನು ನಿಮ್ಮನ್ನು ಏಕವಚನದಲ್ಲೇ ಮಾತಾಡಿಸುತ್ತಿದ್ದೆ. ನಲ್ಲಿ ಬಂದರೆ ನಿಮ್ಮ ಒಬ್ಬಳೇ ಮಗಳು ಸುಜಾತಳನ್ನು ಸವಣೂರಿನ ಹೈಸ್ಕೂಲಿಗೆ ಹಾಕುತ್ತೇನೆ ಎಂದಿರಿ. ಹಳ್ಳದಿಂದ ನೀರು ತರುವುದರಲ್ಲೇ ಅವಳ ಬೆಳಗೆಲ್ಲ ಕಳೆಯುತ್ತಿತ್ತು.

ನೀವು ಹೇಳಿದಂತೆಯೇ ಎರಡು ಬೆಂಡು ಹಾಕಿ ಗೆರೆಯನ್ನು ಕಣ ಬಳಸಿ ಒಯ್ದೆ. ಚಂದ ಕೂತಿತು. ಕಂಪ್ಯೂಟರ್ ಚಕಾರ ಎತ್ತಲಿಲ್ಲ.

ವಿಷಯ ತಿಳಿದ ಮಾವ ಗದರಿಸಲಿಲ್ಲ. ನನ್ನನ್ನು ಓದಿಸಿದವರು. ಎಲೆಗೆ ಸುಣ್ಣ ಹಚ್ಚುತ್ತ ಇಷ್ಟೇ ಕೇಳಿದರು: “ಅವರೂ ನಾವೂ ಒಂದ ಪೈಪಿನ ನೀರು ಕುಡಿಯೂದೇನಪಾ?”

ಹೌದು ಅನ್ನಬಹುದಿತ್ತು — ಅನ್ನಲಿಲ್ಲ. ಮರುದಿನ ಆಫೀಸಿನಲ್ಲಿ ಒಂದು ಗುಂಡಿ ಒತ್ತಿದೆ. ಎರಡು ಬೆಂಡುಗಳೂ ಕೇರಿಯವರೆಗಿನ ಗೆರೆಯೂ ಹೋದವು. ಯಾವ ಬೆಳಕಿಗೆ ಹಿಡಿದರೂ ಗಾಯವಿಲ್ಲ.

ಚಾವಡಿಯಲ್ಲಿ ನಕ್ಷೆ ಹಾಸಿದಾಗ ನೀವು ಬಾಗಿಲ ಹೊರಗೆ ನಿಂತೇ ಕೇರಿಯ ನಲ್ಲಿ ಎಲ್ಲಿ ಎಂದು ಕೇಳಿದಿರಿ. “ಕಂಪ್ಯೂಟರ್ ಒಪ್ಪಲಿಲ್ಲ. ಗಟ್ಟಿ ಪೈಪು ಅಲ್ಲಿ ತಿರುಗಂಗಿಲ್ಲ,” ಎಂದೆ. ಕಂಪ್ಯೂಟರನ್ನು ಕಂಡವರು ಅಲ್ಲಿ ಒಬ್ಬರೂ ಇರಲಿಲ್ಲ. ಕಾಣದ ದೊಡ್ಡವರಿಗೆ ಎದುರಾಡುವವರು ಯಾರು?

“ಮಷೀನಿಗೆ ನಮ್ಮ ಕೇರಿ ಕಾಣಲಿಲ್ಲೇನ್ರಿ?”

ಆ ಮಾತಿನಲ್ಲಿ ಕೊಂಕಿರಲಿಲ್ಲ. ನಿಜಕ್ಕೂ ತಿಳಿಯಬೇಕೆಂದೇ ಕೇಳಿದಿರಿ. ನಾನು ನಕ್ಷೆ ಸುತ್ತಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದೆ. ಹೊತ್ತೇನೂ ಆಗಿರಲಿಲ್ಲ.

ಕೇರಿಗೆ ನಲ್ಲಿ ಬಂದದ್ದು ಸುಜಾತಳ ಮದುವೆಯಾದ ಮೇಲೆ. ಅಲ್ಲಿಯವರೆಗೆ ಊರಿಗೆ ಬಂದಾಗಲೆಲ್ಲ ಬಸ್ಸಿನ ಕಿಟಕಿಯಿಂದ ಅವಳನ್ನು ಕಂಡಿದ್ದೇನೆ — ತಲೆಯ ಮೇಲೊಂದು, ಸೊಂಟದಲ್ಲೊಂದು ಕೊಡ. ಒಮ್ಮೆ ನನ್ನ ಗುರುತು ಹಿಡಿದು ನಕ್ಕಳು. ಆ ನಗುವನ್ನು ಇನ್ನೂ ತಾಳಿಕೊಳ್ಳಲಾಗಿಲ್ಲ.

ಈಗಲೂ ಮಧ್ಯಾಹ್ನ ಉಂಡು ಕಣ್ಣು ಮುಚ್ಚಿದರೆ ಹಸಿರು ಗೆರೆ ತೇಲಿಬರುತ್ತದೆ. ನಿಧಾನ ಹರಿದು ಕಣದ ಹತ್ತಿರ ಬರುತ್ತದೆ, ಬಳಸಲೆಂದು ತಿರುಗುತ್ತದೆ, ಆಮೇಲೆ — ಬರೀ ಕಪ್ಪು. ಆ ಕಪ್ಪಿನೊಳಗೆ ಎಲ್ಲೋ ಕೊಡದ ನೀರು ತುಳುಕುವ ಸದ್ದು.

ಮಾವ ತೀರಿಕೊಂಡು ಬಹಳ ಕಾಲವಾಯಿತು. ತಪ್ಪನ್ನು ಅವರ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲಾರೆ. ಗುಂಡಿ ಒತ್ತಿದ ಬೆರಳು ನನ್ನದು. ಸುಜಾತ ತವರಿಗೆ ಬಂದಿದ್ದಾಳೆಂದು ಕೇಳಿದೆ. ಸೋಮವಾರ ಬರುತ್ತೇನೆ. ಮಷೀನಿಗೆ ನಿಮ್ಮ ಕೇರಿ ಚೆನ್ನಾಗಿಯೇ ಕಂಡಿತ್ತು ಎಂದು ಅವಳೆದುರೇ ಹೇಳುತ್ತೇನೆ. ಅವಳು ಎದ್ದು ಒಳಗೆ ಹೋದರೆ ಹೋಗಲಿ. ನೀವು ನೀರು ಕೊಟ್ಟರೆ ಕುಡಿಯುತ್ತೇನೆ, ಶಾಂತವ್ವ. ಕೇಳಲು ನನಗೆ ಮುಖವಿಲ್ಲ.